ಹೂ ಬಿಡಲು ಕಾಯುವ ಬಟಾಣಿ



ದೆಹಲಿಯ ಚಳಿಗಾಲವೆಂದರೆ ಬಿಸಿಲಿಗೆ ಕುಳಿತು ಬಟಾಣಿ ಸುಲಿಯುವ ಕಾಲ. ಇಂಥ ಊರಿನಲ್ಲಿ ಚಳಿ ತಾಳುವ ಬಟಾಣಿಯ ಬಗ್ಗೆ ಮಾತನಾಡುವುದು ವಿಚಿತ್ರವೆನಿಸಬಹುದು. ಹರಿಯಾಣದ ಅಂಚಿನಲ್ಲಿರುವ ಗೆಳೆಯರೊಬ್ಬರ ಹೊಲದಲ್ಲಿ ರಾಸಾಯನಿಕವಿಲ್ಲದೆ ನಾನು ಬೆಳೆದ ಬಟಾಣಿ ೨೦೨೩ರ ಜನವರಿಯ ಒಂದೇ ರಾತ್ರಿ, ಇಲ್ಲಿನ ರೈತರು ‘ಪಾಲಾ’ ಎನ್ನುವ ಹಿಮಕ್ಕೆ ಸಿಕ್ಕಿತು. ಬೆಳಗ್ಗೆ ನೋಡಿದರೆ ಎಲೆ, ಬಳ್ಳಿ ಹಸಿರಾಗಿಯೇ ಇದ್ದವು. ಸತ್ತದ್ದು ಹೂವು ಮತ್ತು ಎಳೆಗಾಯಿ. ಬಟಾಣಿಗೆ ಮುಳುವಾದದ್ದು ಚಳಿಗಿಂತ ಹೆಚ್ಚಾಗಿ ಅದರ ಆತುರ.

ಫ್ರಾನ್ಸ್, ಜರ್ಮನಿಗಳಲ್ಲಿ ಶರತ್ಕಾಲದಲ್ಲಿ ಬಿತ್ತಿ ಮುಂದಿನ ಬೇಸಿಗೆಯಲ್ಲಿ ಕೊಯ್ಯುವ ಬಟಾಣಿಗಳಿವೆ. ಫ್ರೆಂಚ್ ವಿಜ್ಞಾನಿಗಳು ಅಧ್ಯಯನ ಮಾಡಿದ ಎಚ್‌ಆರ್ ಎಂಬ ಜೀನು ಇರುವ ತಳಿ, ಹಗಲು ಸುಮಾರು ಹದಿಮೂರೂವರೆ ಗಂಟೆಯಾಗುವ ತನಕ ಮೊಗ್ಗು ಕಟ್ಟುವುದಿಲ್ಲ. ಅಷ್ಟರಲ್ಲಿ ಕಡುಹಿಮ ಕಳೆದಿರುತ್ತದೆ. ವಸಂತದಲ್ಲಿ ಬೇಗ ನೆಲ ಮುಚ್ಚಿ ಕಳೆಯನ್ನೂ ಅದುಮುವುದರಿಂದ ಕಳೆನಾಶಕ ಬಳಸದ ಸಾವಯವ ರೈತರಿಗೆ ಅದು ಆಪ್ತ. ಆದರೆ ಎತ್ತರದ ಬಳ್ಳಿ ಒಂಟಿಯಾಗಿ ನಿಲ್ಲದೆ ನೆಲಕ್ಕೊರಗುತ್ತದೆ. ಆದ್ದರಿಂದ ರೈಯನ್ನೋ, ಗೋಧಿ-ರೈಗಳ ಸಂಕರವಾದ ಟ್ರಿಟಿಕೇಲನ್ನೋ ಜೊತೆಗೆ ಬಿತ್ತುತ್ತಾರೆ. ಬಟಾಣಿ ತನ್ನ ಸಾರಜನಕವನ್ನು ಬಹುಪಾಲು ಗಾಳಿಯಿಂದ ಪಡೆದರೆ, ಮಣ್ಣಿನದನ್ನು ಧಾನ್ಯ ಹೀರುತ್ತದೆ. ಕಳೆಗೆ ಉಳಿಯುವುದು ಕಡಿಮೆ. ತೊಡಕುಗಳೂ ಉಂಟು: ಬಣ್ಣದ ಹೂವಿನ ತಳಿಗಳ ಕಾಳು ಒಗರು, ಕೊಯ್ಲಾದ ಮೇಲೆ ಕಾಳು ಬೇರ್ಪಡಿಸುವ ಕೆಲಸ ಬೇರೆ.

ಹಾಗಾದರೆ ಆ ಬೀಜವನ್ನು ತರಿಸೋಣವೇ? ದೆಹಲಿಯಲ್ಲಿ ಹಗಲು ಅಷ್ಟು ಉದ್ದವಾಗುವುದು ಮೇ ತಿಂಗಳಲ್ಲಿ, ಲೂ ಬೀಸುವಾಗ. ಬೆಂಗಳೂರಿನಲ್ಲಂತೂ ಹಗಲು ಎಂದೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಪರದೇಶದ ತಾಳ್ಮೆ ಇಲ್ಲಿ ಬಂಜೆಯಾದೀತು.

ನಮ್ಮ ಅವರೆಯೂ ಹಗಲನ್ನು ಎಣಿಸುತ್ತಿತ್ತಲ್ಲವೇ, ವಿರುದ್ಧ ದಿಕ್ಕಿನಲ್ಲಿ! ರಾಗಿಯ ಅಕ್ಕಡಿ ಸಾಲಿನಲ್ಲಿ ಬೆಳೆದು, ಹಗಲು ಕಿರಿದಾದ ಮೇಲೆಯೇ ಹೂ ಬಿಟ್ಟು, ಧನುರ್ಮಾಸಕ್ಕೆ ಸೊಗಡಿನ ಕಾಯಿ ಕೊಡುತ್ತಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆಯಂಥ ತಳಿಗಳು ಆ ಎಣಿಕೆಯಿಂದ ಬಿಡುಗಡೆ ಪಡೆದಿವೆ. ರೈತನಿಗೆ ವರ್ಷವಿಡೀ ಆದಾಯ ಬಂದರೆ ನಾನೇಕೆ ಆಕ್ಷೇಪಿಸಲಿ? ಆದರೆ ಎಣಿಸಬಲ್ಲ ಹಳೆಯ ಬೀಜವನ್ನು ಯಾರ ಮನೆಯ ಮಡಕೆ ಕಾಯುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ.

ಆ ಜನವರಿಯಲ್ಲಿ ಹನ್ನೊಂದು ಗಿಡಗಳು ಮಾತ್ರ ಫೆಬ್ರವರಿಗೆ ಹೂಬಿಟ್ಟು ಕಾಯಾದವು. ಅವುಗಳ ಕಾಳನ್ನು ಬೂದಿಯಲ್ಲಿ ಬೆರೆಸಿ ಇಟ್ಟಿದ್ದೇನೆ. ಮುಂದಿನ ಬಿತ್ತನೆ ಬಾರ್ಲಿಯ ಜೊತೆಗೆ.