ಹಳೆಯ ದೋಣಿಯ ಡೀಸೆಲ್ ಟಾಂಕಿ
(ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ದೋಣಿಯ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ಕಡಲು ಇಲ್ಲಿಂದ ನೂರು ಕಿಲೋಮೀಟರಿಗೂ ಆಚೆಗಿದೆ. ಆದರೆ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಆ ಅಳಿವೆಯ ಕೆಸರಿನಲ್ಲಿ ಚಿಪ್ಪಿಕಲ್ಲು ಆರಿಸಿ ಬದುಕುವವರಿದ್ದಾರೆ. ತಗಡು ಕತ್ತರಿಸಿ ಟಾಂಕಿ ಬೆಸೆಯಬಲ್ಲ ಕೈಗಳು ಈ ರಸ್ತೆಯಲ್ಲಿವೆ.

ಹಳೆಯ ಉಕ್ಕಿನ ಟಾಂಕಿಗೆ ತುಕ್ಕು ಹಿಡಿಯುವುದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಕಡೆ. ಅರೆತುಂಬಿದ ಟಾಂಕಿಯಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರವಾದುದರಿಂದ ತಳಕ್ಕಿಳಿಯುತ್ತದೆ. ಅವೆರಡೂ ಸಂಧಿಸುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆಮ್ಲವನ್ನು ಬಿಡುತ್ತವೆ. ಹೊರಗೆ, ಟಾಂಕಿ ಕುಳಿತ ಹಲಗೆಯ ಸಂದಿಯಲ್ಲಿ ಉಪ್ಪುನೀರು ನಿಂತು ಅದೇ ತಳವನ್ನು ಇನ್ನೊಂದು ಬದಿಯಿಂದ ತಿನ್ನುತ್ತದೆ. ಮೇಲ್ಭಾಗದ ಹೊಸ ಬಣ್ಣವನ್ನು ನೋಡಿ ಟಾಂಕಿಯನ್ನು ನಂಬುವುದು ಶುದ್ಧ ಭೋಳೇತನ.

ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕಿ ಹೋಗುತ್ತದೆ. ಅದು ದೋಣಿಯ ತಳದ ನೀರಿನಲ್ಲಿ ಬೆರೆತು, ಪಂಪಿನ ಮೂಲಕ ಅಳಿವೆಗೆ ಬೀಳುತ್ತದೆ. ಸೋಪಿನ ಪುಡಿ ಸುರಿದರೆ ಎಣ್ಣೆಯ ಬಣ್ಣ ಮಾಯವಾಗುವುದು ನಿಜ. ಎಣ್ಣೆ ಮಾತ್ರ ಸಣ್ಣ ಕಣಗಳಾಗಿ ನೀರಿನಲ್ಲೇ ಉಳಿಯುತ್ತದೆ. ನೀರನ್ನು ಸೋಸಿಯೇ ಆಹಾರ ಪಡೆಯುವ ಚಿಪ್ಪಿಕಲ್ಲಿಗೆ ಅದು ಇನ್ನೂ ಸುಲಭವಾಗಿ ತಲುಪುತ್ತದೆ.

ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಅಲೆಯಿಲ್ಲದ ಕಡೆ ದೋಣಿಯನ್ನು ಕಟ್ಟಿ, ಎಂಜಿನ್ ನಿಲ್ಲಿಸಿ, ಗುರುತು ಹಾಕಿದ ಕೋಲಿನಿಂದ ಬೆಳಗಿನ ಜಾವ ಡೀಸೆಲ್ ಅಳೆಯಬೇಕು. ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಬೇಕು. ಹೊತ್ತು ತಪ್ಪಬಾರದು. 200 ಲೀಟರ್ ಡೀಸೆಲ್ 5 ಡಿಗ್ರಿ ಕಾದರೆ ಮುಕ್ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಮಧ್ಯಾಹ್ನದ ಅಳತೆಯು ಸೋರಿಕೆಯನ್ನು ಮುಚ್ಚಿಬಿಡಬಲ್ಲದು. ಬೆಸುಗೆಯ ಗೆರೆ, ಕೊಳವೆಯ ಸೇರುವೆ, ಎಂಜಿನ್‌ನಿಂದ ಹಿಂದಿರುಗುವ ಕೊಳವೆ, ಇವನ್ನು ಒರೆಸಿ ಬಿಳಿ ಕಾಗದ ಒತ್ತಿ ನೋಡಬೇಕು. ಎಷ್ಟೋ ಸಲ ದೋಷವಿರುವುದು ಟಾಂಕಿಯಲ್ಲಲ್ಲ, ಒಣಗಿದ ರಬ್ಬರಿನಲ್ಲಿ.

ಆದರೂ ಸಂಶಯ ಉಳಿದರೆ ಟಾಂಕಿಯನ್ನು ಬರಿದು ಮಾಡಿ, ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ ಸೋಪಿನ ನೀರು ಹಚ್ಚುವ ಕ್ರಮವಿದೆ. ಒತ್ತಡವು ಚದರ ಇಂಚಿಗೆ 3 ಪೌಂಡ್ ಮೀರಬಾರದು. ಲಾರಿ ಟಾಯರಿಗೆ ಗಾಳಿ ಹೊಡೆಯುವ ಕಂಪ್ರೆಸರನ್ನು ನೇರವಾಗಿ ಜೋಡಿಸಿದರೆ ಟಾಂಕಿ ಸಿಡಿಯುತ್ತದೆ. ಬರಿದಾದ ಟಾಂಕಿಯೊಳಗೆ ಆವಿ ಉಳಿದಿರುತ್ತದೆಂಬುದನ್ನು ಬೆಸುಗೆಯವರು ಮರೆಯಲಾಗದು. ಚೆನ್ನಾಗಿ ತೊಳೆದು ಆವಿ ತೆಗೆಯದೆ ಕಿಡಿ ತಾಗಿಸಿದರೆ ಜೀವಕ್ಕೇ ಅಪಾಯ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಬಲೆ ಹೆಣೆಯುವುದಕ್ಕೂ ಎಂಜಿನ್ ಬಿಚ್ಚುವುದಕ್ಕೂ ದೊರೆಯುವ ಆ 61 ದಿನಗಳಲ್ಲಿ ಟಾಂಕಿಯನ್ನು ಕಳಚಿ, ಮಗುಚಿ ಹಾಕಿ, ತಳವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಲು ಒಂದು ಬೆಳಗು ಸಾಕು.