ಶಾಲೆಯಲ್ಲೇ ಉಳಿಯುವುದೋ, ಕಾಲೇಜಿಗೆ ಹೋಗುವುದೋ?



ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾಯಿತೆಂದರೆ ಹೈಸ್ಕೂಲಿನ ಋಣ ತೀರಿದಂತೆ. ಟಿ.ಸಿ. ಕೈಗೆ ಬಂದ ಮೇಲೆ ಪಿ.ಯು. ಕಾಲೇಜಿನ ಅರ್ಜಿಗೆ ಓಡಾಟ. ಸಂಯುಕ್ತ ಪದವಿಪೂರ್ವ ಕಾಲೇಜುಗಳನ್ನು ಬಿಟ್ಟರೆ, ಓದಿದ ಆವರಣದಲ್ಲೇ ಇನ್ನೆರಡು ವರ್ಷ ಉಳಿಯುವ ಮಾತು ಏಳುವುದು ಕಡಿಮೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಆಸ್ಪತ್ರೆಯ ಕೆಲಸಕ್ಕೋ ಸಾಫ್ಟ್‌ವೇರ್ ಕೆಲಸಕ್ಕೋ ಹೋಗಿ ಅಲ್ಲೇ ನೆಲೆ ನಿಂತ ಕನ್ನಡದ ಮನೆಗಳಲ್ಲಿ, ಊರಿನ ಅಜ್ಜಿಯಿಂದ ಫೋನಿನಲ್ಲಿ ಬರುವ ಪ್ರಶ್ನೆ ಇದು: "ಪರೀಕ್ಷೆ ಆಯ್ತಲ್ಲ, ಇನ್ನೂ ಸ್ಕೂಲಿಗೇ ಹೋಗ್ತಾಳೇನೋ?"

ಹೌದು, ಹೋಗಬಹುದು. ಅಲ್ಲಿ ಮಕ್ಕಳು ಹದಿನಾರನೆಯ ವಯಸ್ಸಿಗೆ ನಮ್ಮ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯಾದ ಜಿಸಿಎಸ್‌ಇ ಬರೆಯುತ್ತಾರೆ. 2008ರಲ್ಲಿ ಬಂದ ಕಾಯ್ದೆಯೊಂದು ಹಂತಹಂತವಾಗಿ ಜಾರಿಯಾಗಿ, 2015ರಿಂದ ಹದಿನೆಂಟು ತುಂಬುವವರೆಗೆ ಏನಾದರೊಂದು ಓದು ಅಥವಾ ತರಬೇತಿ ಕಡ್ಡಾಯವಾಗಿದೆ. ತನ್ನ ಶಾಲೆಯಲ್ಲೇ ಸಿಕ್ಸ್ತ್ ಫಾರ್ಮ್, ಅಂದರೆ ಆ ಪರೀಕ್ಷೆಯ ನಂತರದ ಎರಡು ವರ್ಷಗಳ ವಿಭಾಗ, ಇದ್ದರೆ ಅಲ್ಲೇ ಮುಂದುವರಿಯಬಹುದು. ಇಲ್ಲವೇ ಈ ಎರಡು ವರ್ಷಗಳಿಗೆಂದೇ ಇರುವ ಸಿಕ್ಸ್ತ್ ಫಾರ್ಮ್ ಕಾಲೇಜಿಗೆ ಹೋಗಬಹುದು. ಲೂಟನ್ನಿನಲ್ಲಿ 1966ರಲ್ಲಿ ಇಂಥ ಮೊದಲ ಕಾಲೇಜು ಶುರುವಾಯಿತು. ಇನ್ನೊಂದು ಬಗೆಯದು ಫರ್ದರ್ ಎಜುಕೇಶನ್ ಕಾಲೇಜು. ಅಲ್ಲಿ ನಲ್ಲಿ ಕೆಲಸ, ಕೇಶವಿನ್ಯಾಸ, ಮಕ್ಕಳ ಆರೈಕೆ, ವಾಹನ ದುರಸ್ತಿ ಎಲ್ಲವನ್ನೂ ಕಲಿಸುತ್ತಾರೆ. ಕೆಲವು ಕಡೆ, ವಿಶ್ವವಿದ್ಯಾಲಯಕ್ಕೆ ದಾರಿಯಾಗುವ ಎ-ಲೆವೆಲ್ ಓದು ಕೂಡ ಉಂಟು. 2020ರಿಂದ ಟಿ-ಲೆವೆಲ್ ಎಂಬ ಹೊಸ ದಾರಿಯೂ ಸೇರಿದೆ. ಅದರಲ್ಲಿ ಸುಮಾರು 45 ದಿನ ನಿಜವಾದ ಕೆಲಸದ ಜಾಗದಲ್ಲೇ ಕಳೆಯಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಇವು ಯಾವುದಕ್ಕೂ ಬೋಧನಾ ಶುಲ್ಕವಿಲ್ಲ.

ನಮ್ಮ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ. ಅಲ್ಲಿ ಎ-ಲೆವೆಲ್‌ಗೆ ಸಾಮಾನ್ಯವಾಗಿ ಮೂರೇ ವಿಷಯ. ಹಾಗಾಗಿ ಆ ಮೂರು ಯಾವುವು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಂಜಿನಿಯರಿಂಗ್ ಕಡೆ ಕಣ್ಣಿಟ್ಟವನಿಗೆ ಗಣಿತ, ಭೌತಶಾಸ್ತ್ರದ ಜೊತೆಗೆ ಗಣಿತದ ಮುಂದಿನ ಹಂತವಾದ ಫರ್ದರ್ ಮ್ಯಾಥ್ಸ್ ಬೇಕೆನಿಸಬಹುದು. ಸಣ್ಣ ಸಿಕ್ಸ್ತ್ ಫಾರ್ಮಿನಲ್ಲಿ ಅದಕ್ಕೆ ಸೇರುವವರು ನಾಲ್ಕೇ ಜನ ಇರಬಹುದು. ನಾಲ್ವರಿಗಾಗಿ ಒಬ್ಬ ಮೇಷ್ಟ್ರನ್ನು ಹಾಕುವುದು ಶಾಲೆಗೆ ಗಿಟ್ಟದು. ಒಂದೋ ತರಗತಿಯನ್ನು ಕೈಬಿಡುತ್ತಾರೆ, ಇಲ್ಲವೇ ಪೀರಿಯಡ್ ಕಡಿಮೆ ಮಾಡುತ್ತಾರೆ. ಹೊಸದಾಗಿ ಸಿಕ್ಸ್ತ್ ಫಾರ್ಮ್ ತೆರೆಯುವ ಶಾಲೆಯಲ್ಲಿ ಕನಿಷ್ಠ 200 ವಿದ್ಯಾರ್ಥಿಗಳು, 15 ಎ-ಲೆವೆಲ್ ವಿಷಯಗಳು ಇರಬೇಕೆಂದು ಅಲ್ಲಿನ ಶಿಕ್ಷಣ ಇಲಾಖೆ ಬಯಸುವುದಕ್ಕೂ ಇದೇ ಕಾರಣ. ದೊಡ್ಡ ಕಾಲೇಜಿನಲ್ಲಿ ಅದೇ ವಿಷಯಕ್ಕೆ ಎರಡು ಸೆಕ್ಷನ್ ಇರಬಹುದು.

ಇಲ್ಲೊಂದು ಮಾತನ್ನು ತಂದೆತಾಯಂದಿರು ಗಮನಿಸಬೇಕು. ಸರ್ಕಾರದ ಹಣ ಬರುವುದು ವಿದ್ಯಾರ್ಥಿಯ ತಲೆಯೆಣಿಕೆಯ ಮೇಲೆ. ಒಬ್ಬ ಹುಡುಗ ಎದ್ದು ಹೋದರೆ ಅವನ ಪಾಲಿನ ಹಣವೂ ಹೋಗುತ್ತದೆ. ಹಾಗಿರುವಾಗ, ತನ್ನದೇ ಸಿಕ್ಸ್ತ್ ಫಾರ್ಮ್ ಇರುವ ಶಾಲೆ ಪಕ್ಕದ ಕಾಲೇಜಿನ ಗುಣಗಾನ ಮಾಡಬೇಕೆಂದು ನಿರೀಕ್ಷಿಸುವುದು ಹೇಗೆ? ಇದಕ್ಕೆ ಮದ್ದೆಂದು ಹಿಂದೆ ಶಿಕ್ಷಣ ಸಚಿವರಾಗಿದ್ದ ಕೆನೆತ್ ಬೇಕರ್ ಒಂದು ನಿಯಮ ತಂದರು. 2018ರ ಜನವರಿಯಿಂದ, ತಾಂತ್ರಿಕ ಶಿಕ್ಷಣ ನೀಡುವ ಕಾಲೇಜುಗಳ ಮತ್ತು ತರಬೇತಿ ಸಂಸ್ಥೆಗಳ ಪ್ರತಿನಿಧಿಗಳು ಶಾಲೆಗೆ ಬಂದು ಮಕ್ಕಳೊಂದಿಗೆ ಮಾತನಾಡಲು ಶಾಲೆ ಅವಕಾಶ ಕೊಡಲೇಬೇಕು. ಆಮೇಲೆ ಸರ್ಕಾರ ಅದನ್ನು ಇನ್ನೂ ಬಿಗಿ ಮಾಡಿತು. ಕಾನೂನು ಮಾಡಬೇಕಾಗಿ ಬಂತು ಎಂದರೇ ಪರಿಸ್ಥಿತಿ ಅರ್ಥವಾಗುತ್ತದೆ. ಶಾಲೆ ಸುಳ್ಳು ಹೇಳುತ್ತದೆ ಎಂದಲ್ಲ. ಅದರ ಸಲಹೆಯನ್ನು ಅಂಗಡಿಯವರು ತಮ್ಮ ಅಕ್ಕಿಯ ಬಗ್ಗೆ ಹೇಳುವ ಮಾತಿನಂತೆ ಕೇಳಬೇಕು, ಅಷ್ಟೆ.

ಇನ್ನು ಹುಡುಗರ ದಿನಚರಿ. ಪ್ರತಿ ವಿಷಯಕ್ಕೆ ವಾರಕ್ಕೆ ನಾಲ್ಕೈದು ಗಂಟೆ ಪಾಠ. ಒಟ್ಟು ಹದಿನೈದು ಗಂಟೆಯ ಆಸುಪಾಸು. ಉಳಿದದ್ದು ಬಿಡುವು. ಮಂಗಳವಾರ ಹನ್ನೊಂದಕ್ಕೆ ರಸಾಯನಶಾಸ್ತ್ರ ಮುಗಿದರೆ ಮುಂದಿನ ಪಾಠ ಎರಡೂವರೆಗೆ ಇರಬಹುದು. ಆ ಮೂರೂವರೆ ಗಂಟೆ ವಿದ್ಯಾರ್ಥಿನಿ ಏನು ಮಾಡುತ್ತಾಳೆ? ಅನೇಕ ಶಾಲೆಗಳಲ್ಲಿ ಓದುವ ಕೋಣೆಯಲ್ಲಿ ಕೂರಿಸಿ ಹಾಜರಿ ತೆಗೆದುಕೊಳ್ಳುತ್ತಾರೆ, ಮೇಲೊಂದು ಕೋಟು ಹಾಕಿಕೊಂಡೇ ಬರಬೇಕು ಎನ್ನುತ್ತಾರೆ. ಕಾಲೇಜಿನಲ್ಲಿ ಇಷ್ಟವಾದ ಬಟ್ಟೆ, ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯುವ ರೂಢಿ, ಬಿಡುವಿನಲ್ಲಿ ಪೇಟೆಗೆ ಹೋದರೂ ಕೇಳುವವರಿಲ್ಲ. ಕೆಲವರು ಈ ಸಲುಗೆಯಲ್ಲಿ ಅರಳುತ್ತಾರೆ. ಕೆಲವರು ಡಿಸೆಂಬರಿನ ಹೊತ್ತಿಗೆ ಹಿಂದೆ ಬೀಳುತ್ತಾರೆ. ಪರೀಕ್ಷೆಯೆಲ್ಲ ಎರಡನೆಯ ವರ್ಷದ ಕೊನೆಗೇ ಆದ್ದರಿಂದ ಅದು ತಡವಾಗಿ ಗೊತ್ತಾಗುತ್ತದೆ. ಶಾಲೆಗಿರುವ ಇನ್ನೊಂದು ಅನುಕೂಲ: ವೈದ್ಯಕೀಯಕ್ಕೆ, ಆಕ್ಸ್‌ಫರ್ಡ್ ಕೇಂಬ್ರಿಜ್‌ಗೆ ಎರಡನೆಯ ವರ್ಷದ ಅಕ್ಟೋಬರ್ ಮಧ್ಯದೊಳಗೆ ಅರ್ಜಿ ಹೋಗಬೇಕು. ಜೊತೆಗೆ ಹೋಗುವ ಶಿಫಾರಸನ್ನು ಬರೆಯುವವರು ಹುಡುಗಿಯನ್ನು ಐದಾರು ವರ್ಷದಿಂದ ಬಲ್ಲವರೋ, ಒಂದೇ ವರ್ಷದಿಂದಲೋ? ಒಳ್ಳೆಯ ಕಾಲೇಜುಗಳು ಇದನ್ನು ಚೆನ್ನಾಗಿಯೇ ನಿಭಾಯಿಸುತ್ತವೆ, ಆದರೆ ಕೇಳಿ ತಿಳಿದುಕೊಳ್ಳಬೇಕಾದ ವಿಷಯ.

ನನ್ನನ್ನು ಕೇಳಿದರೆ, ಬೇಕಾದ ಮೂರು ವಿಷಯಗಳೂ ಶಾಲೆಯಲ್ಲಿ ಸರಿಯಾಗಿ ಸಿಗುತ್ತಿದ್ದು, ಮಗುವಿಗೆ ಹಿಂದೆ ಬಿದ್ದು ಓದಿಸುವವರು ಬೇಕಿದ್ದರೆ ಉಳಿಯುವುದೇ ಸರಿ. ಒಂದು ವಿಷಯ ಸಿಗದಿದ್ದರೂ ಹೊರಡಬೇಕು. ಗೆಳತಿಯರೆಲ್ಲ ಇಲ್ಲೇ ಇದ್ದಾರೆ ಎಂದು ಬೇಡದ ವಿಷಯ ಹಿಡಿದವರ ಪಾಲಿಗೆ ಎರಡು ವರ್ಷದ ಮೇಲೆ ಆ ಗೆಳತಿಯರೂ ಉಳಿಯುವುದಿಲ್ಲ, ಬೇರೆ ಬೇರೆ ಊರು ಸೇರಿರುತ್ತಾರೆ. ಆದರೆ ದೂರವನ್ನೂ ಅಳೆಯಿರಿ. ಲಂಡನ್ನಿನಲ್ಲಿ ಈ ವಯಸ್ಸಿನವರಿಗೆ ಬಸ್ ಉಚಿತ; ಹೊರಗಿನ ಊರುಗಳಲ್ಲಿ ಹದಿನಾರರ ನಂತರ ಆ ಹಕ್ಕು ಇಲ್ಲದ್ದರಿಂದ ಪಾಸಿನ ಖರ್ಚು ಮನೆಯ ಮೇಲೆ ಬೀಳಬಹುದು. ಬಡ ಕುಟುಂಬಗಳಿಗೆ ಬರ್ಸರಿ ನಿಧಿ ಉಂಟು, ಅದನ್ನು ಕೇಳಿ ಪಡೆಯಬೇಕು.

ಒಂದೇ ಕಡೆ ಅರ್ಜಿ ಹಾಕಬೇಕೆಂದೇನೂ ಇಲ್ಲ. ಶರತ್ಕಾಲದ ಸಂಜೆಗಳಲ್ಲಿ ಕಾಲೇಜುಗಳು ಬಾಗಿಲು ತೆರೆದು ತೋರಿಸುತ್ತವೆ. ಆಗಲೇ ಹೋಗಿ ನೋಡಿ ಎರಡು ಕಡೆ ಷರತ್ತಿನ ಸೀಟು ಇಟ್ಟುಕೊಂಡು, ಆಗಸ್ಟಿನ ಗುರುವಾರ ಫಲಿತಾಂಶ ಬಂದ ಮೇಲೆ ತೀರ್ಮಾನಿಸಬಹುದು. ಷರತ್ತೆಂದರೆ ಗ್ರೇಡು: ಎ-ಲೆವೆಲ್ ಗಣಿತಕ್ಕೆ ಹಲವೆಡೆ ಜಿಸಿಎಸ್‌ಇಯಲ್ಲಿ ಆರೋ ಏಳೋ ಗ್ರೇಡ್ ಕೇಳುತ್ತಾರೆ. ಸೇರಿದ ಮೇಲೆ ಮನಸ್ಸು ಬದಲಾದರೆ ಸೆಪ್ಟೆಂಬರಿನ ಮೊದಲ ವಾರಗಳಲ್ಲಿ ಜಾಗ ಬದಲಿಸುವುದು ಸುಲಭ. ಆಮೇಲೆ ತೊಡಕು. ಪರೀಕ್ಷಾ ಮಂಡಳಿಗಳು ಒಂದಲ್ಲ, ಹಲವು; ಪಠ್ಯವೂ ಬೇರೆ ಬೇರೆ. ಇಲ್ಲಿ ಒಥೆಲೊ ಅರ್ಧ ಓದಿದ ಹುಡುಗ ಅಲ್ಲಿ ಹೋಗಿ ಹ್ಯಾಮ್ಲೆಟ್ಟಿನ ನಡುವೆ ಕೂರಬೇಕಾಗುತ್ತದೆ.