ಅಪ್‌ಡೇಟ್ ಹಾಕಿಸಬೇಕೆ, ತಡೆಯಬೇಕೆ?

(ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಗೊಬ್ಬರದ ವಿಷಯವನ್ನಾಗಲಿ, ಬಿತ್ತನೆ ಬೀಜದ ವಿಷಯವನ್ನಾಗಲಿ ಹೇಳಲು ಬಂದಿಲ್ಲ. ನಿಮ್ಮ ಊರಿನ ಡೇರಿಯ ಮೇಜಿನ ಮೇಲಿರುವ ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನೀವು ಹಾಕಿದ ಹಾಲು ಎಷ್ಟು ಲೀಟರು, ಅದರ ಫ್ಯಾಟ್ ಎಷ್ಟು, ಬಟವಾಡೆಯ ದಿನ ನಿಮಗೆ ಸಲ್ಲತಕ್ಕ ಹಣವೆಷ್ಟು ಎಂಬ ಲೆಕ್ಕವೆಲ್ಲ ಈಗ ಅದರ ಹೊಟ್ಟೆಯಲ್ಲಿದೆ. ಆದ್ದರಿಂದ ಇದು ಕಾರ್ಯದರ್ಶಿಯವರ ಪಾಡು, ನಮಗೇಕೆ ಎಂದು ಯಾರೂ ಎದ್ದು ಹೋಗಕೂಡದು.

ಆ ಕಂಪ್ಯೂಟರಿನಲ್ಲಿ ಆಗಾಗ ಒಂದು ಸೂಚನೆ ಮೂಡುತ್ತದೆ. ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕೋಣವೆ, ಆಮೇಲೆ ನೋಡೋಣವೆ ಎಂದು ಕೇಳುತ್ತದೆ. ಕಾರ್ಯದರ್ಶಿಯವರು 'ಆಮೇಲೆ' ಎಂಬುದನ್ನೇ ಒತ್ತುತ್ತಾರೆ. ನಾನು ಅವರನ್ನು ದೂರಲಾರೆ. ಬೆಳಗಿನ ಹೊತ್ತು ಕ್ಯಾನು ಹಿಡಿದ ಜನ ಸಾಲಾಗಿ ನಿಂತಿರುತ್ತಾರೆ. ಹಾಲಿನ ಲಾರಿ ಬರುವ ವೇಳೆಯಾಗಿರುತ್ತದೆ. ಆಗ ಪರದೆಯ ಮೇಲೆ ಚಕ್ರ ತಿರುಗುತ್ತಾ ಅರ್ಧ ಗಂಟೆ ಕಳೆದರೆ ಹಾಲು ಕಾಯುವುದಿಲ್ಲ. ನಾನೇ ಒಮ್ಮೆ ಒಂದು ಡೇರಿಗೆ ಬುದ್ಧಿ ಹೇಳಲು ಹೋಗಿ, ಬಟವಾಡೆಯ ದಿನ ಬೆಳಿಗ್ಗೆ ಐದೂವರೆಗೆ ಅಪ್‌ಡೇಟ್ ಹಾಕಿಸಿದೆ. ಏಳು ಗಂಟೆಯಾದರೂ ಚಕ್ರ ನಿಲ್ಲಲಿಲ್ಲ. ಅಂದಿನ ಹಾಲನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಬೇಕಾಯಿತು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನಗೆ ಹೇಳಿದ ಮಾತನ್ನು ಈ ಸಭೆಯಲ್ಲಿ ಹೇಳುವಂತಿಲ್ಲ. ಹೊತ್ತು ನೋಡದೆ ಮಾಡಿದ್ದು ನನ್ನ ತಪ್ಪು, ಅಪ್‌ಡೇಟಿನದಲ್ಲ.

ಈ ಅಪ್‌ಡೇಟ್ ಎಂದರೇನು? ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡುವ ನೀರುಗಂಟಿ ನಿಮಗೆ ಗೊತ್ತಲ್ಲ. ಕಂಪ್ಯೂಟರಿನೊಳಗೂ ಅಂಥದೊಂದು ವ್ಯವಸ್ಥೆ ಉಂಟು. ಹಾಲಿನ ಲೆಕ್ಕದ ಪ್ರೋಗ್ರಾಂ, ತೂಕದ ಯಂತ್ರ, ಪ್ರಿಂಟರ್ ಎಲ್ಲಕ್ಕೂ ಪಾಳಿ ಕೊಟ್ಟು ನಡೆಸುವುದು ಅದೇ. ಅದನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಡೇರಿಗಳಲ್ಲಿ ಹೆಚ್ಚಾಗಿ ಕಾಣುವುದು ವಿಂಡೋಸ್. ಏರಿ ಎಷ್ಟು ಗಟ್ಟಿಯಾಗಿ ಕಟ್ಟಿದರೂ ಏಡಿ ಬಿಲ ಕೊರೆಯುವುದುಂಟು. ಹಾಗೆಯೇ ಈ ವ್ಯವಸ್ಥೆಯಲ್ಲೂ ಕಾಲಕಾಲಕ್ಕೆ ಬಿಲಗಳು ಪತ್ತೆಯಾಗುತ್ತವೆ. ಅವನ್ನು ಮುಚ್ಚುವ ಮಣ್ಣು ಕಲ್ಲುಗಳೇ ರಕ್ಷಣಾ ಅಪ್‌ಡೇಟ್.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಬಿಲ ಮುಚ್ಚುವ ಅಪ್‌ಡೇಟ್ ಹೊರಬಿದ್ದ ದಿನ, ಬಿಲ ಎಲ್ಲಿತ್ತೆಂಬುದು ಒಳ್ಳೆಯವರಿಗೆ ತಿಳಿದಂತೆ ಕಳ್ಳರಿಗೂ ತಿಳಿಯುತ್ತದೆ. ನಿನ್ನೆಯವರೆಗೆ ನಾಲ್ಕು ಜನಕ್ಕೆ ಗೊತ್ತಿದ್ದ ದಾರಿ ಇಂದು ಊರಿಗೆಲ್ಲ ಗೊತ್ತು. ಹೀಗಾಗಿ ಅಪ್‌ಡೇಟ್ ಹಾಕಿಕೊಳ್ಳದ ಯಂತ್ರ ಇದ್ದ ಹಾಗೆಯೇ ಇರುತ್ತದೆ ಎಂದುಕೊಳ್ಳುವುದು ತಪ್ಪು. ಅದರ ಅಪಾಯ ಆ ದಿನದಿಂದ ಏರುತ್ತಾ ಹೋಗುತ್ತದೆ.

2017ರಲ್ಲಿ ನಡೆದದ್ದನ್ನು ಕೇಳಿ. ವಿಂಡೋಸ್ ಯಂತ್ರಗಳು ಒಂದಕ್ಕೊಂದು ಫೈಲು ಹಂಚಿಕೊಳ್ಳುವ ಭಾಗದಲ್ಲಿ ಒಂದು ದೊಡ್ಡ ಬಿಲ ಸಿಕ್ಕಿತು. ಮಾರ್ಚ್ 14ರಂದು ಮೈಕ್ರೋಸಾಫ್ಟ್ ಕಂಪನಿ ಅದಕ್ಕೆ ಅಪ್‌ಡೇಟ್ ಕೊಟ್ಟಿತು. ಏಪ್ರಿಲ್ 14ರಂದು, ಆ ಬಿಲದಲ್ಲಿ ನುಗ್ಗುವ ಆಯುಧವೊಂದು ಇಂಟರ್‌ನೆಟ್ಟಿನಲ್ಲಿ ಬಯಲಾಯಿತು. ಮೇ 12ರ ಶುಕ್ರವಾರ 'ವಾನ್ನಾಕ್ರೈ' ಎಂಬ ಪಿಡುಗು ಹೊರಟಿತು. ಯಾರೂ ಯಾವುದನ್ನೂ ಒತ್ತಬೇಕಾಗಿರಲಿಲ್ಲ. ಕಾಲುಬಾಯಿ ಜ್ವರ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹಬ್ಬುವಂತೆ ಅದು ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಫೈಲುಗಳಿಗೆಲ್ಲ ಬೀಗ ಬಿತ್ತು. ಬೀಗ ತೆಗೆಯಲು 300 ಡಾಲರ್ ಕೊಡಿ, ಅಂದರೆ ಅಂದಿನ ಲೆಕ್ಕದಲ್ಲಿ 19,000 ರೂಪಾಯಿಗೂ ಮೇಲೆ, ಎಂಬ ಬೆದರಿಕೆ ಪರದೆಯ ಮೇಲೆ ಮೂಡಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಕೆಟ್ಟವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂದಾಜು 19,000ಕ್ಕೂ ಹೆಚ್ಚು ರೋಗಿಗಳ ಭೇಟಿಗಳನ್ನು ರದ್ದು ಮಾಡಬೇಕಾಯಿತು. ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಸಿಕ್ಕಿಬಿದ್ದವು.

ಹಳೆಯ ತುಕ್ಕು ಯಂತ್ರಗಳಿಗೆ ಮಾತ್ರ ಹೀಗಾಯಿತೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೆಟ್ಟವುಗಳಲ್ಲಿ ಬಹುಪಾಲು ವಿಂಡೋಸ್ 7 ಇದ್ದ ಯಂತ್ರಗಳು. ಅವಕ್ಕೆ ಔಷಧ ಸುಮಾರು ಎರಡು ತಿಂಗಳಿಂದ ಬಾಗಿಲಲ್ಲೇ ಕಾದಿತ್ತು. ಯಾರೋ 'ಆಮೇಲೆ' ಎಂದು ಒತ್ತಿದ್ದರು.

ಹಾಗಾದರೆ ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ಹಾಕಿಕೊಳ್ಳಬೇಕೆ? ಅದೂ ಸಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿ ಕಳಿಸಿದ ದೋಷಯುಕ್ತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಏಳದೆ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ಅದು ವಿಂಡೋಸ್‌ನ ಸ್ವಂತ ಅಪ್‌ಡೇಟ್ ಅಲ್ಲವೆಂಬುದು ನಿಜ. ಆದರೂ ಅಪ್‌ಡೇಟ್ ಎಂದರೆ ಹೆದರುವವರ ಹೆದರಿಕೆಗೆ ಬುಡವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಈ ಎರಡು ಕೇಡುಗಳನ್ನು ತೂಗಿ ನೋಡಿ. ಕೆಟ್ಟ ಅಪ್‌ಡೇಟಿನಿಂದ ಯಂತ್ರ ಒಂದೆರಡು ದಿನ ನಿಲ್ಲಬಹುದು. ರಿಪೇರಿಯಾದ ಮೇಲೆ ಲೆಕ್ಕ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಕಳ್ಳ ಹಾಕಿದ ಬೀಗದಿಂದ ಲೆಕ್ಕವೇ ಹೋಗುತ್ತದೆ. ಹಣ ತೆತ್ತರೂ ಬರುವ ಭರವಸೆಯಿಲ್ಲ.

ಅಪ್‌ಡೇಟುಗಳಲ್ಲಿ ಎರಡು ಬಗೆ ಇವೆ. ಒಂದು, ತಿಂಗಳಿಗೊಮ್ಮೆ ಬರುವ ರಕ್ಷಣಾ ಅಪ್‌ಡೇಟ್. ಮೈಕ್ರೋಸಾಫ್ಟ್ ಇದನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತದೆ. ನಮ್ಮಲ್ಲಿಗೆ ಆ ರಾತ್ರಿಯೋ ಬುಧವಾರವೋ ಬರುತ್ತದೆ. ಎರಡು ಮೂರು ದಿನ ತಡೆದು, ಹಾಕಿಸಿದವರಿಗೆ ತೊಂದರೆಯಾಯಿತೆ ಎಂದು ವಿಚಾರಿಸಿ, ಆ ವಾರದೊಳಗೆ ಹಾಕಿಸುವುದು ಸರಿ. ಇನ್ನೊಂದು, ವಿಂಡೋಸ್‌ನ ಆವೃತ್ತಿಯನ್ನೇ ಬದಲಿಸುವ ದೊಡ್ಡ ಅಪ್‌ಡೇಟ್. ಇದಕ್ಕೆ ಅವಸರ ಬೇಡ. ಹಾಲಿನ ಲೆಕ್ಕದ ಪ್ರೋಗ್ರಾಂ ಕೊಟ್ಟವರಿಗೆ ಫೋನು ಮಾಡಿ, ನಿಮ್ಮ ಪ್ರೋಗ್ರಾಂ, ಫ್ಯಾಟ್ ನೋಡುವ ಯಂತ್ರ ಹೊಸದರಲ್ಲಿ ನಡೆಯುತ್ತವೆಯೆ ಎಂದು ಕೇಳಿ, ಹೌದೆಂದ ಮೇಲೆಯೇ ಮುಟ್ಟತಕ್ಕದ್ದು.

ಎರಡರಲ್ಲಿ ಯಾವುದಾದರೂ ಸರಿ, ಮೊದಲು ಲೆಕ್ಕದ ನಕಲನ್ನು ಪೆನ್‌ಡ್ರೈವಿಗೆ ಇಳಿಸಿ, ಪೆನ್‌ಡ್ರೈವನ್ನು ಕಿತ್ತು ಬೀರುವಿನಲ್ಲಿಡಿ. ಕಿತ್ತಿಡಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಯಂತ್ರಕ್ಕೆ ಚುಚ್ಚಿಯೇ ಇದ್ದರೆ ಪಿಡುಗು ಅದಕ್ಕೂ ಬೀಗ ಹಾಕುತ್ತದೆ. ನಕಲು ತೆರೆಯುತ್ತದೆಯೆ ಎಂದು ಒಮ್ಮೆ ನೋಡಿಕೊಳ್ಳಿ. ತೆರೆಯದ ನಕಲು ಖಾಲಿ ಕಣಜವಿದ್ದ ಹಾಗೆ. ಬಟವಾಡೆ ಮುಗಿದ ಮರುದಿನ, ಸಂಜೆಯ ಹಾಲು ಹೋದ ಮೇಲೆ, ಕರೆಂಟ್ ಇರುವ ಹೊತ್ತು ನೋಡಿ, ಯುಪಿಎಸ್ ಇದ್ದರೆ ಅದರ ಬ್ಯಾಟರಿ ತುಂಬಿದೆಯೆಂದು ಖಾತ್ರಿ ಮಾಡಿಕೊಂಡು ಶುರುಮಾಡಿ. ಚಕ್ರ ತಿರುಗುತ್ತಿರುವಾಗ ಸ್ವಿಚ್ ಆರಿಸಕೂಡದು. ಯಂತ್ರ ತಾನಾಗಿ ಹಗಲಿನಲ್ಲಿ ಮತ್ತೆ ಶುರುವಾಗದಂತೆ, ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗಿನಲ್ಲಿ 'ಆಕ್ಟಿವ್ ಅವರ್ಸ್' ಎಂಬಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 9 ಎಂದು ಕೊಟ್ಟಿಡಬಹುದು. ನನಗೆ ಅಂದು ಇದು ಗೊತ್ತಿರಲಿಲ್ಲ.

ನಿಮ್ಮ ಡೇರಿಯಲ್ಲಿ ವಿಂಡೋಸ್ 10 ಇದ್ದರೆ ಇನ್ನೊಂದು ಪ್ರಶ್ನೆಯೂ ಇದೆ. ಅದರ ಸಾಮಾನ್ಯ ರಕ್ಷಣಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದುವರಿದ ರಕ್ಷಣೆಗೆ ಬೇರೆಯಾಗಿ ಸೇರಿಕೊಂಡಿರದಿದ್ದರೆ, ಯಂತ್ರ ಸುಮ್ಮನಿದೆ, ಏನನ್ನೂ ಕೇಳುತ್ತಿಲ್ಲ ಎಂದು ಸಂತೋಷಪಡಬೇಡಿ. ಕೊಡುವವರು ನಿಲ್ಲಿಸಿದ್ದಾರೆ, ಅಷ್ಟೇ.

ಜೇಬಿನ ಫೋನಿನ ಮಾತೂ ಬಂತು. ಬಟವಾಡೆಯ ಹಣ ಬ್ಯಾಂಕಿಗೆ ಬಿದ್ದ ಮೇಲೆ ಅದನ್ನು ಕಾಯುವುದು ಫೋನೇ. ಫೋನಿನ ಅಪ್‌ಡೇಟ್ ಸೆಟ್ಟಿಂಗ್ಸ್ ಒಳಗೆ ಬರುತ್ತದೆ, ವಾಟ್ಸಾಪ್‌ನಲ್ಲಿ ಬರುವುದಿಲ್ಲ. ಸರ್ಕಾರದ ಯೋಜನೆಯ ಹೆಸರು ಹೇಳಿ ಎಪಿಕೆ ಎಂಬ ಫೈಲು ಕಳಿಸಿ, ಇದನ್ನು ಹಾಕಿಕೊಳ್ಳಿ ಎಂದರೆ ಮುಟ್ಟಬೇಡಿ, ಕಳಿಸಿದವರು ನೆಂಟರೇ ಆಗಿರಲಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಮುಂದಿನ ಸಭೆಯಲ್ಲಿ ನಿಮ್ಮ ಕಾರ್ಯದರ್ಶಿಯವರನ್ನು ಎರಡು ಮಾತು ಕೇಳಿ: ಕೊನೆಯ ಅಪ್‌ಡೇಟ್ ಯಾವ ತಾರೀಕಿನದು, ಲೆಕ್ಕದ ನಕಲು ಎಲ್ಲಿದೆ. ಗದರಬೇಡಿ, ಕೇಳಿ. ಪೆನ್‌ಡ್ರೈವಿಗೆ ಹಣವಿಲ್ಲವೆಂದರೆ ಅದನ್ನು ಸಂಘದ ಖರ್ಚಿನಲ್ಲಿ ಅಲ್ಲೇ ಮಂಜೂರು ಮಾಡಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಸಂಜೆಯ ಹಾಲು ಕರೆಯುವ ಹೊತ್ತಿಗೆ ಎಲ್ಲರನ್ನೂ ಬಿಟ್ಟುಬಿಡುತ್ತೇನೆ.